ಟಿಪ್ಪಣಿಯ ಮಗ್ಗುಲಲ್ಲೇ ಟರ್ಮಿನಲ್: ಅಬ್ಸಿಡಿಯನ್ ಒಳಗಿಂದ ಎಐ ಸಹಾಯಕ

ಅಬ್ಸಿಡಿಯನ್ ಎಂಬ ಟಿಪ್ಪಣಿ ತಂತ್ರಾಂಶದ ಒಳಗೇ ಟರ್ಮಿನಲ್ (ಅಕ್ಷರಗಳಲ್ಲಿ ಆಜ್ಞೆ ಬರೆದು ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಕಿಟಕಿ) ತೆರೆದು, ಅಲ್ಲಿಂದ ಎಐ ಸಹಾಯಕವನ್ನು ಓಡಿಸುವ ಏರ್ಪಾಡನ್ನು ನಾನು ಕಳೆದ ಮಳೆಗಾಲದಿಂದ ಬಳಸುತ್ತಿದ್ದೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ಕೂಡಿಟ್ಟ ಟಿಪ್ಪಣಿಗಳು ಯಾರ ಬಳಿ ಇವೆಯೋ ಅವರಿಗೆ ಇದು ದೊಡ್ಡ ಅನುಕೂಲ. ಆದರೆ ಆ ಟಿಪ್ಪಣಿಗಳು ಕನ್ನಡದಲ್ಲಿದ್ದರೆ ಟರ್ಮಿನಲ್ಲನ್ನು ಕರೆಗಂಟೆಯಂತೆ ಬಳಸಬೇಕೇ ಹೊರತು ಓದುವ, ಬರೆಯುವ ಜಾಗವಾಗಿ ಅಲ್ಲ. ಈ ಎರಡನೆಯ ಮಾತು ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಬೇಕಾಗುವುದಿಲ್ಲ. ನಮಗೆ ಬೇಕು, ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಶಿರಸಿಯಲ್ಲಿ ನೆಲೆಸಿರುವ ನಾನು ಪದವಿಪೂರ್ವ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮಲೆನಾಡು ಮತ್ತು ಕರಾವಳಿಯ ಗಿಡಮರಗಳಿಗೆ ಜನ ಇಟ್ಟುಕೊಂಡ ಹೆಸರುಗಳನ್ನು ಬರೆದಿಡುವುದು ನೌಕರಿಯಲ್ಲಿದ್ದಾಗಿನಿಂದ ನಡೆದುಬಂದ ಕೆಲಸ. ಗಾರ್ಸಿನಿಯಾ ಇಂಡಿಕಾ ನಮ್ಮಲ್ಲಿ ಮುರುಗಲು, ಮಂಗಳೂರಿನ ಕಡೆ ಪುನರ್ಪುಳಿ, ಅಂಗಡಿಯ ಶರಬತ್ತಿನ ಬಾಟಲಿಯ ಮೇಲೆ ಕೋಕಂ. ಸೆಂಟೆಲ್ಲಾ ಏಷಿಯಾಟಿಕಾ ನಮ್ಮಲ್ಲಿ ಒಂದೆಲಗ, ಕುಂದಾಪುರದ ಕಡೆ ಉರಗೆ, ತುಳುವಿನಲ್ಲಿ ತಿಮರೆ. ಗಿಡಕ್ಕೆ ಒಂದರಂತೆ ಟಿಪ್ಪಣಿ. ಅದರಲ್ಲಿ ವೈಜ್ಞಾನಿಕ ಹೆಸರು, ಕುಟುಂಬ, ಊರಹೆಸರುಗಳು, ಎಲ್ಲಿ ಕೇಳಿದ್ದು, ಯಾವ ತಿಂಗಳಲ್ಲಿ ಹೂ ಕಂಡದ್ದು, ಎಲೆ ತೊಗಟೆಗಳ ವರ್ಣನೆ. ಇಂಥ ಟಿಪ್ಪಣಿಗಳು ಸಾವಿರ ದಾಟಿದ ಮೇಲೆ ಒಂದು ವಿಷಯ ಹುಡುಕಲು ಕುಳಿತರೆ ಮಧ್ಯಾಹ್ನವೇ ಕಳೆದುಹೋಗುತ್ತದೆ. ಮಾರ್ಚ್ ತಿಂಗಳಲ್ಲಿ ಹೂ ಬಿಡುವ, ಘಟ್ಟದ ಮೇಲೂ ಕೆಳಗೂ ಬೇರೆ ಬೇರೆ ಹೆಸರಿರುವ ಮರಗಳು ಯಾವುವು ಎಂಬ ಪ್ರಶ್ನೆಗೆ ಉತ್ತರ ನನ್ನ ಟಿಪ್ಪಣಿಗಳಲ್ಲೇ ಇತ್ತು, ಆದರೆ ನನ್ನ ಕೈಗೆ ಸಿಗುತ್ತಿರಲಿಲ್ಲ.

ಅಬ್ಸಿಡಿಯನ್ನನ್ನು ಶಿಡಾ ಲಿ ಮತ್ತು ಎರಿಕಾ ಷೂ ಎಂಬಿಬ್ಬರು 2020ರಲ್ಲಿ ಹೊರತಂದರು, 1.0 ಆವೃತ್ತಿ ಬಂದದ್ದು 2022ರ ಅಕ್ಟೋಬರಿನಲ್ಲಿ. ಸ್ವಂತ ಬಳಕೆಗೆ ಮೊದಲಿನಿಂದಲೂ ಉಚಿತವಾಗಿತ್ತು, 2025ರ ಫೆಬ್ರವರಿಯಿಂದ ಕಚೇರಿ ಕೆಲಸಕ್ಕೂ ಶುಲ್ಕ ಕಡ್ಡಾಯವಲ್ಲ. ಇದರ ನಿಜವಾದ ಗುಣ ಬೇರೆಯೇ ಇದೆ. ಬರೆದದ್ದೆಲ್ಲ ನಮ್ಮ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ, ಮಾರ್ಕ್‌ಡೌನ್ ಎಂಬ ಸರಳ ಪಠ್ಯದ ಫೈಲುಗಳಾಗಿ ಉಳಿಯುತ್ತದೆ. ಆ ಫೋಲ್ಡರನ್ನು ಅವರು ವಾಲ್ಟ್ ಎನ್ನುತ್ತಾರೆ. ನಾಳೆ ಅಬ್ಸಿಡಿಯನ್ ನಿಂತುಹೋದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ನಾನು ಇದನ್ನು ಆರಿಸಿಕೊಂಡದ್ದು ಈ ಒಂದು ಕಾರಣಕ್ಕೆ. ಎಐ ಸಹಾಯಕಗಳು ಬಂದಾಗ ಅದೇ ಗುಣ ಎರಡನೆಯ ಬಾರಿ ಕೈ ಹಿಡಿಯಿತು.

ಆಂಥ್ರೋಪಿಕ್ ಸಂಸ್ಥೆಯ ಕ್ಲಾಡ್ ಕೋಡ್ 2025ರ ಫೆಬ್ರವರಿಯಲ್ಲಿ, ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ ಏಪ್ರಿಲ್‌ನಲ್ಲಿ, ಗೂಗಲ್‌ನ ಜೆಮಿನಿ ಸಿಎಲ್‌ಐ ಜೂನ್‌ನಲ್ಲಿ ಬಂದವು. ಮೂರೂ ಟರ್ಮಿನಲ್ಲಿನಲ್ಲಿ ಆಜ್ಞೆ ಬರೆದು ಬಳಸುವ ಎಐ ಸಹಾಯಕಗಳು (ಸಿಎಲ್‌ಐ ಎಂದರೆ ಅದೇ), ಹುಟ್ಟಿದ್ದು ಪ್ರೋಗ್ರಾಂ ಬರೆಯುವವರಿಗಾಗಿ. ಬ್ರೌಸರಿನಲ್ಲಿ ಸಿಗುವ ಚಾಟ್ ಪುಟಗಳಿಗೆ ನಾವು ಪಠ್ಯವನ್ನು ನಕಲು ಮಾಡಿ ಅಂಟಿಸಬೇಕು. ಇವು ಹಾಗಲ್ಲ. ಯಾವ ಫೋಲ್ಡರಿನಲ್ಲಿ ನಿಂತು ಕರೆಯುತ್ತೇವೆಯೋ ಅಲ್ಲಿನ ಫೈಲುಗಳನ್ನು ತಾವೇ ಹುಡುಕಿ, ತೆರೆದು ಓದಿ, ಅನುಮತಿ ಕೊಟ್ಟರೆ ತಿದ್ದುತ್ತವೆ. ಪ್ರೋಗ್ರಾಮೂ ಸರಳ ಪಠ್ಯದ ಫೈಲೇ, ನನ್ನ ಒಂದೆಲಗದ ಟಿಪ್ಪಣಿಯೂ ಸರಳ ಪಠ್ಯದ ಫೈಲೇ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮನ ಮಗ ಇದನ್ನು ಹೇಳಿದ್ದು ಹೀಗೆ: "ಅತ್ತೆ, ನಿಮಗೆ ಹೊಸ ತಂತ್ರಾಂಶವೇನೂ ಬೇಡ. ನಿಮ್ಮ ಟಿಪ್ಪಣಿಗಳಿರುವ ಫೋಲ್ಡರಿನಲ್ಲಿ ನಿಂತು ಕರೆದರೆ ಸಾಕು."

ಹಾಗಾದರೆ ಅಬ್ಸಿಡಿಯನ್ ಒಳಗಿಂದಲೇ ಏಕೆ ಕರೆಯಬೇಕು, ಹೊರಗೆ ಬೇರೆ ಟರ್ಮಿನಲ್ ತೆರೆದರೆ ಆಗದೇ? ಆಗುತ್ತದೆ. ಆದರೆ ಹೊರಗಿನಿಂದ ಕರೆಯುವಾಗ ಮೊದಲು ಸರಿಯಾದ ಫೋಲ್ಡರಿಗೆ ಹೋಗಬೇಕು. ಟರ್ಮಿನಲ್ ಅಭ್ಯಾಸವಿಲ್ಲದವರು ಅದನ್ನು ಮರೆತು ಇಡೀ ಹೋಮ್ ಫೋಲ್ಡರಿನಲ್ಲಿ ಕರೆದರೆ, ಬ್ಯಾಂಕಿನ ಕಾಗದಪತ್ರ, ಮನೆಯ ಫೋಟೊ ಎಲ್ಲವೂ ಅದರ ಕಣ್ಣಳತೆಗೆ ಬರುತ್ತವೆ. ಅಬ್ಸಿಡಿಯನ್ ಒಳಗಿನ ಟರ್ಮಿನಲ್ ತೆರೆಯುವುದೇ ವಾಲ್ಟಿನಲ್ಲಿ. ಇನ್ನೊಂದು ಅನುಕೂಲ ಕಣ್ಣಿಗೆ ಸಂಬಂಧಿಸಿದ್ದು. ಎಡಗಡೆ ಟಿಪ್ಪಣಿ, ಬಲಗಡೆ ಟರ್ಮಿನಲ್. ಸಹಾಯಕ ಒಂದು ಸಾಲು ತಿದ್ದಿದ ಮರುಕ್ಷಣವೇ ಎಡಗಡೆಯ ಟಿಪ್ಪಣಿಯಲ್ಲಿ ಅದು ಬದಲಾದದ್ದು ಕಾಣಿಸುತ್ತದೆ. ನನ್ನ ಟಿಪ್ಪಣಿಗೆ ಬೇರೆಯದೊಂದು ಕೈ ಹಾಕುವಾಗ ಅದು ನನ್ನ ಎದುರಿನಲ್ಲೇ ಆಗಬೇಕು ಎಂಬ ಹಟ ನನ್ನದು, ಅದಕ್ಕೆ ಈ ಏರ್ಪಾಡು ಒಪ್ಪುತ್ತದೆ.

ಹೊಂದಿಸುವುದು ಕಷ್ಟವಲ್ಲ, ಆದರೆ ತಾಳ್ಮೆ ಬೇಕು. ಅಬ್ಸಿಡಿಯನ್‌ನಲ್ಲಿ ಹೊರಗಿನವರು ಬರೆದ ಪ್ಲಗಿನ್‌ಗಳು, ಅಂದರೆ ಹೊಸ ಸೌಲಭ್ಯ ಜೋಡಿಸುವ ಪುಟ್ಟ ತಂತ್ರಾಂಶಗಳು, ಮೊದಲಿಗೆ ನಿರ್ಬಂಧದಲ್ಲಿರುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಆ ನಿರ್ಬಂಧವನ್ನು ನಾವೇ ತೆಗೆಯಬೇಕು. ತೆಗೆಯುವ ಮೊದಲು ಒಂದು ವಿಷಯ ಗೊತ್ತಿರಲಿ: ಪ್ಲಗಿನ್‌ಗೆ ಅಬ್ಸಿಡಿಯನ್‌ಗೆ ಇರುವಷ್ಟೇ ಅಧಿಕಾರ ಸಿಗುತ್ತದೆ, ಇಷ್ಟು ಮಾತ್ರ ನೋಡು ಎಂದು ಬೇಲಿ ಹಾಕುವ ದಾರಿ ಇಲ್ಲ. ಹಾಗಾಗಿ ಬಹಳ ಜನ ಬಳಸುವ, ಆಗಾಗ ನವೀಕರಣವಾಗುವ ಪ್ಲಗಿನ್‌ಗಳನ್ನಷ್ಟೇ ಹಾಕಿಕೊಳ್ಳಿ. ಟರ್ಮಿನಲ್ ಎಂಬ ಹೆಸರಿನ ಪ್ಲಗಿನ್ ಪಕ್ಕದ ಫಲಕದಲ್ಲಿ ಟರ್ಮಿನಲ್ ತೆರೆಯುತ್ತದೆ; ಅದು ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಕಂಪ್ಯೂಟರಿನಲ್ಲಿ ಇರಬೇಕೆಂದು ಕೇಳುವುದುಂಟು. ಜೆಮಿನಿ ಸಿಎಲ್‌ಐ ಓಡಬೇಕಾದರೆ ನೋಡ್ ಜೆಎಸ್ ಎಂಬ ಪೂರಕ ತಂತ್ರಾಂಶ ಇರಬೇಕು. ಶೆಲ್ ಕಮಾಂಡ್ಸ್ ಎಂಬ ಇನ್ನೊಂದು ಪ್ಲಗಿನ್ ಇದೆ. ನಾವು ಬರೆದಿಟ್ಟ ಆಜ್ಞೆಯನ್ನು ಒಂದು ಶಾರ್ಟ್‌ಕಟ್‌ಗೆ ಕಟ್ಟಿ, ತೆರೆದಿರುವ ಟಿಪ್ಪಣಿಯ ವಿಳಾಸವನ್ನೂ ಅದರೊಡನೆ ಕಳಿಸುತ್ತದೆ. ಟರ್ಮಿನಲ್ ಪ್ಲಗಿನ್ ಒಂದನ್ನೇ ಹಾಕಿಕೊಂಡರೆ ಯಾವ ಟಿಪ್ಪಣಿ ತೆರೆದಿದೆ ಎಂಬುದು ಸಹಾಯಕಕ್ಕೆ ತಿಳಿಯುವುದಿಲ್ಲ. ಪಕ್ಕದಲ್ಲೇ ಕಾಣುತ್ತಿದೆಯಲ್ಲ ಎಂದು "ಇದನ್ನು ನೋಡು" ಎಂದರೆ ಯಾವುದನ್ನು ಎಂದು ಕೇಳುತ್ತದೆ. ಫೈಲಿನ ಹೆಸರು ಹೇಳಬೇಕು.

ಎಲ್ಲ ಆದ ಮೇಲೆ ಟರ್ಮಿನಲ್ಲಿನಲ್ಲಿ ಸಹಾಯಕದ ಹೆಸರು ಹೊಡೆದು ಎಂಟರ್ ಒತ್ತಿದರೆ ಅದು ಸಿದ್ಧ. ಮೊದಲ ಬಾರಿ ಈ ಫೋಲ್ಡರನ್ನು ನಂಬುತ್ತೀರಾ ಎಂದು ಕೇಳುತ್ತದೆ. ಯಾವ ಫೋಲ್ಡರಿನ ಹೆಸರು ತೋರಿಸುತ್ತಿದೆ ಎಂದು ಓದಿ, ಆಮೇಲೆ ಹೌದು ಎನ್ನಿ.

ನನಗೆ ನಿಜವಾಗಿ ಖುಷಿ ಕೊಟ್ಟ ಮೊದಲ ಕೆಲಸ ಅಶೋಕದ್ದು. ಒಂದೇ ಹೆಸರು ಎರಡು ಬೇರೆ ಕುಟುಂಬಗಳ ಟಿಪ್ಪಣಿಗಳಲ್ಲಿ ಬಂದಿದ್ದರೆ ತೋರಿಸು ಎಂದು ಕೇಳಿದೆ. ಫೈಲುಗಳನ್ನೆಲ್ಲ ಜಾಲಾಡಿ ಒಂದು ಪಟ್ಟಿ ಕೊಟ್ಟಿತು, ಅದರಲ್ಲಿ ಮೊದಲಿಗೇ ಅಶೋಕ. ಸರಾಕಾ ಅಶೋಕ, ಅಂದರೆ ಕಾಂಡಕ್ಕೇ ಅಂಟಿದಂತೆ ಕೇಸರಿ ಹೂಗೊಂಚಲು ಬಿಡುವ ನಮ್ಮ ಕಾಡಿನ ನಿಜವಾದ ಅಶೋಕ, ಫ್ಯಾಬೇಸಿಯೇ ಕುಟುಂಬದ್ದು. ಶಾಲೆಯ ಅಂಗಳದಲ್ಲಿ, ಸರ್ಕಾರಿ ಕಚೇರಿಗಳ ಮುಂದೆ ಕಂಬದಂತೆ ನೆಟ್ಟಿರುವ ಮರ ಸೀತಾಫಲದ ಕುಟುಂಬವಾದ ಅನೋನೇಸಿಯೇಗೆ ಸೇರಿದ್ದು, ಅದನ್ನೂ ಜನ ಅಶೋಕ ಎಂದೇ ಕರೆಯುತ್ತಾರೆ. ನನ್ನ ವಾಲ್ಟಿನಲ್ಲಿ ಬೇರೆ ಬೇರೆ ಊರುಗಳ ಟಿಪ್ಪಣಿಗಳಿಂದ ಈ ಎರಡೂ ಮರಗಳಿಗೆ ಹೋಗುವ ಕೊಂಡಿಗಳು ಕಲೆತುಹೋಗಿದ್ದವು. ಯಾವ ಕೊಂಡಿ ಯಾವ ಮರಕ್ಕೆ ಹೋಗಬೇಕು ಎಂಬುದನ್ನು ಆಯಾ ಟಿಪ್ಪಣಿಯ ವರ್ಣನೆಯ ಸಾಲನ್ನು ಎತ್ತಿ ತೋರಿಸಿ ವಿವರಿಸಿತು. ತೊಗಟೆಯನ್ನು ಔಷಧಕ್ಕೆ ಬಳಸುವುದು ಮೊದಲನೆಯ ಮರದ್ದು. ಇಂಥ ಕಡೆ ಗೊಂದಲ ಉಳಿದರೆ ಅದು ಬರಿಯ ಹೆಸರಿನ ಗೊಂದಲವಾಗಿ ಉಳಿಯುವುದಿಲ್ಲ.

ಅಬ್ಸಿಡಿಯನ್‌ನಲ್ಲಿ ಒಂದು ಟಿಪ್ಪಣಿಗೆ ಅಡ್ಡಹೆಸರುಗಳನ್ನು ಕೊಡಬಹುದು. ಒಂದೆಲಗದ ಟಿಪ್ಪಣಿಗೆ ತಿಮರೆ, ಉರಗೆ ಎಂದು ಕೊಟ್ಟರೆ ಯಾವ ಹೆಸರಿನಿಂದ ಹುಡುಕಿದರೂ ಅದೇ ಟಿಪ್ಪಣಿ ತೆರೆಯುತ್ತದೆ. ಊರಹೆಸರುಗಳು ನನ್ನ ಟಿಪ್ಪಣಿಗಳ ಮೈಯಲ್ಲಿ ಚದುರಿಬಿದ್ದಿದ್ದವು. ಅವನ್ನೆಲ್ಲ ಆರಿಸಿ ಅಡ್ಡಹೆಸರಿನ ಜಾಗಕ್ಕೆ ಸೇರಿಸುವ ಕೆಲಸವನ್ನು ನಾನೊಬ್ಬಳೇ ಮಾಡಿದ್ದರೆ ಮುಗಿಯುತ್ತಿರಲಿಲ್ಲ. ಸಹಾಯಕ ಒಂದೊಂದೇ ಕುಟುಂಬವಾಗಿ ಮಾಡಿತು. ಚಹಾ ಕುಡಿಯುತ್ತ ಪರಿಶೀಲಿಸಿದೆ.

ಇನ್ನು ಕನ್ನಡದ ವಿಷಯ. ಟರ್ಮಿನಲ್ ಎಂಬುದು ಹುಟ್ಟಿನಿಂದಲೇ ಚೌಕಳಿಯ ಹಾಳೆ: ಒಂದು ಮನೆಗೆ ಒಂದು ಅಕ್ಷರ. ಕನ್ನಡದ ಅಕ್ಷರ ಹಾಗೆ ಕೂರುವುದಿಲ್ಲ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ, ಅರ್ಕಾವೊತ್ತು ಬರೆಯುವ ಕ್ರಮಕ್ಕೂ ಕಾಣುವ ಕ್ರಮಕ್ಕೂ ವ್ಯತ್ಯಾಸವಿದೆ. ಹಾಗಾಗಿ ಬಹುತೇಕ ಟರ್ಮಿನಲ್‌ಗಳಲ್ಲಿ ಕನ್ನಡ ಒಡೆದು ಕಾಣುತ್ತದೆ. 'ನೆಲ್ಲಿ' ಎಂಬುದರ ಒತ್ತು ಕಳಚಿ ಪಕ್ಕದ ಮನೆಗೆ ಬೀಳುತ್ತದೆ, ಸಾಲಿನ ಕೊನೆಯ ಪದದ ಅರ್ಧ ಮಾಯವಾಗುತ್ತದೆ, ಬಾಣದ ಗುರುತಿನ ಕೀಲಿಯಿಂದ ಹಿಂದಕ್ಕೆ ಸರಿದರೆ ಕರ್ಸರ್ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಕನ್ನಡ ಕೀಲಿಮಣೆಯಲ್ಲಿ ನೇರವಾಗಿ ಟೈಪ್ ಮಾಡಲು ಹೊರಟರೆ ಇನ್ನೂ ಕಷ್ಟ. ಇದು ಒಂದು ಪ್ಲಗಿನ್ನಿನ ಅಥವಾ ಒಂದು ಸಂಸ್ಥೆಯ ದೋಷವಲ್ಲ, ಟರ್ಮಿನಲ್ ಎಂಬ ಹಳೆಯ ವಿನ್ಯಾಸದ್ದು. ಆದರೂ ಕಣ್ಣಿಗೆ ಬಹಳ ನೋವು. ಕನ್ನಡದಲ್ಲಿ ಕೇಳಬೇಡಿ, ಇಂಗ್ಲಿಷಿನಲ್ಲೇ ಕೇಳಿ ಎಂದು ಸಲಹೆ ಕೊಟ್ಟವರೂ ಇದ್ದಾರೆ. ಕನ್ನಡದ ಟಿಪ್ಪಣಿಯ ಬಗ್ಗೆ ಕನ್ನಡದಲ್ಲೇ ಕೇಳುವ ಹಕ್ಕನ್ನು ಬಿಟ್ಟುಕೊಡಲು ನಾನು ಸಿದ್ಧಳಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ತುಂಬ ಸರಳ. ವಾಲ್ಟಿನಲ್ಲಿ ಎರಡು ಟಿಪ್ಪಣಿಗಳನ್ನು ಮಾಡಿದ್ದೇನೆ, ಒಂದಕ್ಕೆ ಕೇಳಿಕೆ ಎಂದು ಹೆಸರು, ಇನ್ನೊಂದಕ್ಕೆ ಉತ್ತರ. ಫೈಲುಗಳ ಹೆಸರನ್ನು ಮಾತ್ರ ಟರ್ಮಿನಲ್ಲಿನಲ್ಲಿ ಹೊಡೆಯಲು ಸುಲಭವಾಗಲೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟಿದ್ದೇನೆ. ನನಗೆ ಬೇಕಾದದ್ದನ್ನು ಕೇಳಿಕೆಯಲ್ಲಿ ನೆಮ್ಮದಿಯಾಗಿ ಕನ್ನಡದಲ್ಲಿ ಬರೆಯುತ್ತೇನೆ. ಅಬ್ಸಿಡಿಯನ್ ಕನ್ನಡವನ್ನು ಬ್ರೌಸರಿನಷ್ಟೇ ಚೆನ್ನಾಗಿ ತೋರಿಸುತ್ತದೆ. ಆಮೇಲೆ ಟರ್ಮಿನಲ್ಲಿನಲ್ಲಿ 'ಕೇಳಿಕೆಯನ್ನು ಓದಿ ಉತ್ತರದಲ್ಲಿ ಬರೆ' ಎಂದು ಒಂದೇ ಸಾಲು. ಬಾಣದ ಕೀಲಿ ಒತ್ತಿದರೆ ಹಿಂದಿನ ಸಾಲೇ ಬರುತ್ತದೆ, ಹಾಗಾಗಿ ಅದನ್ನೂ ಮತ್ತೆ ಮತ್ತೆ ಹೊಡೆಯಬೇಕಾಗಿಲ್ಲ. ಉತ್ತರ ಎಡಗಡೆಯ ಟಿಪ್ಪಣಿಯಲ್ಲಿ, ಒತ್ತು ದೀರ್ಘಗಳೆಲ್ಲ ಸರಿಯಾಗಿ, ಗಿಡಗಳ ಹೆಸರುಗಳು ಒತ್ತಿದರೆ ತೆರೆಯುವ ಕೊಂಡಿಗಳಾಗಿ ಮೂಡುತ್ತದೆ. ಹೊರಗಿನ ಟರ್ಮಿನಲ್ ಬಳಸಿದ್ದರೆ ಇದೆಲ್ಲ ಒಂದೇ ಕಿಟಕಿಯಲ್ಲಿ, ಅಕ್ಕಪಕ್ಕದಲ್ಲಿ ಸಿಗುತ್ತಿರಲಿಲ್ಲ. ಒಳಗಿಂದ ಕರೆಯುವುದರ ದೊಡ್ಡ ಲಾಭ ಕನ್ನಡದವರಿಗೇ ಇದೆ ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ.

ಎರಡನೆಯ ತೊಡಕು ಕಣ್ಣಿಗೆ ಕಾಣದ್ದು. ಹೊನ್ನೆ ಮರದ ಉಲ್ಲೇಖವಿರುವ ಟಿಪ್ಪಣಿಗಳನ್ನೆಲ್ಲ ಕೊಡು ಎಂದು ಕೇಳಿದಾಗ ಸಿಕ್ಕಿದ್ದು ಕೆಲವೇ. ಹೊನ್ನೆಯ ಬಗ್ಗೆ ಅದಕ್ಕಿಂತ ಎಷ್ಟೋ ಹೆಚ್ಚು ಬರೆದಿದ್ದೇನೆಂದು ನನಗೆ ಖಚಿತವಿತ್ತು. ಬಿಟ್ಟುಹೋದ ಒಂದು ಟಿಪ್ಪಣಿಯನ್ನು ತೋರಿಸಿ, ಇದು ಏಕೆ ಸಿಗಲಿಲ್ಲ, ಅಕ್ಷರಗಳ ಸಂಕೇತಗಳನ್ನು ಬಿಡಿಸಿ ನೋಡು ಎಂದೆ. ಆಗ ಗುಟ್ಟು ಹೊರಬಿತ್ತು. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಸಾಮಾನ್ಯ ಸಂಕೇತ ಪದ್ಧತಿಯಲ್ಲಿ, 'ಹೊ' ಎಂಬುದನ್ನು ಎರಡು ಬಗೆಯಲ್ಲಿ ಬರೆಯಬಹುದು: ಹಕಾರಕ್ಕೆ ಒಕಾರದ ಒಂದೇ ಚಿಹ್ನೆ ಹಚ್ಚಿ, ಇಲ್ಲವೇ ಎಕಾರದ ಚಿಹ್ನೆ, ಅದರ ಮುಂದೆ ಊಕಾರದ ಚಿಹ್ನೆ ಎಂದು ಎರಡು ತುಂಡುಗಳಾಗಿ. ಪರದೆಯ ಮೇಲೆ ಎರಡೂ ಒಂದೇ. ಹುಡುಕುವ ಪ್ರೋಗ್ರಾಮಿಗೆ ಎರಡೂ ಬೇರೆ. ಓಕಾರ, ಏಕಾರ, ಐಕಾರ, ಈಕಾರಗಳಲ್ಲೂ ಇದೇ ಕಥೆ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೀಲಿಮಣೆಗಳಲ್ಲಿ, ಫೋನಿನಲ್ಲಿ, ಎಲ್ಲಿಂದಲೋ ನಕಲು ಮಾಡಿ ಕೂಡಿಸಿದ ಕನ್ನಡದಲ್ಲಿ ಇವೆಲ್ಲ ಬೆರೆತಿರುತ್ತವೆ. ಇವುಗಳ ಜೊತೆಗೆ, ಪದದ ನಡುವೆ ಕುಳಿತು ಅಕ್ಷರಗಳು ಕೂಡದಂತೆ ತಡೆಯುವ ಅಗೋಚರ ಸಂಕೇತವೂ ಇರುತ್ತದೆ.

ಒಂದೇ ಅಕ್ಷರದ ಈ ಎರಡು ಬಗೆಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ನಿಯಮ ಇದೆ, ಅದನ್ನು ಎನ್‌ಎಫ್‌ಸಿ ಎನ್ನುತ್ತಾರೆ. ಪೈಥಾನ್ ಭಾಷೆಯಲ್ಲಿ ಅದಕ್ಕೆ ಸಿದ್ಧ ಸಾಧನವಿದೆ. ಸಹಾಯಕದಿಂದ ಒಂದು ಪುಟ್ಟ ಪ್ರೋಗ್ರಾಂ ಬರೆಸಿ, ಮೊದಲು ವಾಲ್ಟಿನ ಪ್ರತಿಯ ಮೇಲೆ ಓಡಿಸಿ, ಸರಿಯೆನಿಸಿದ ಮೇಲೆ ಎಲ್ಲ ಟಿಪ್ಪಣಿಗಳಿಗೂ ಅನ್ವಯಿಸಿದೆ. ಹೊನ್ನೆ ಪೂರ್ತಿ ಸಿಕ್ಕಿತು. ಹೊಂಗೆ, ಗೋಣಿಮರ, ಕೋಕಂ ಎಲ್ಲವೂ ಹಾಗೆಯೇ. ಕನ್ನಡದಲ್ಲಿ ಟಿಪ್ಪಣಿ ಇಡುವ ಯಾರೇ ಆಗಲಿ, ಸಹಾಯಕ ಬಳಸದಿದ್ದರೂ ಇದೊಂದನ್ನು ಮಾಡಿಸಿಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ಅಬ್ಸಿಡಿಯನ್‌ನ ಸ್ವಂತ ಹುಡುಕಾಟವೂ ಇದರಿಂದ ಸುಧಾರಿಸಿತು.

ನನ್ನ ಹಳೆಯ ಬರವಣಿಗೆಯ ಒಂದು ಪಾಲು 'ನುಡಿ' ಮತ್ತು 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಿಂದಿನ ಕಾಲದ ಫಾಂಟುಗಳಲ್ಲಿತ್ತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿದಂಥವು. ಫಾಂಟ್ ಬದಲಾದೊಡನೆ ಪುಟವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಇದನ್ನು ಕನ್ನಡಕ್ಕೆ ತಿರುಗಿಸು ಎಂದು ಒಂದು ಸಹಾಯಕಕ್ಕೆ ನೇರವಾಗಿ ಕೊಟ್ಟೆ. ಬಂದ ಕನ್ನಡ ಓದಲು ಸೊಗಸಾಗಿತ್ತು, ಆದರೆ ಮೂಲದಲ್ಲಿಲ್ಲದ ಪದಗಳು ಅದರಲ್ಲಿದ್ದವು. ಗೊತ್ತಾಗದ ಕಡೆ ಊಹಿಸಿ ತುಂಬಿತ್ತು. ಇಂಥ ಹಳೆಯ ಪಠ್ಯವನ್ನು ನಿಯಮದ ಪ್ರಕಾರ ಅಕ್ಷರಕ್ಕೆ ಅಕ್ಷರ ಬದಲಿಸುವ ಉಚಿತ ಪರಿವರ್ತಕಗಳು ಇವೆ. ಅಂಥದೊಂದನ್ನು ಓಡಿಸುವ ಕೆಲಸವನ್ನಷ್ಟೇ ಸಹಾಯಕಕ್ಕೆ ವಹಿಸಿದಾಗ ಫಲಿತಾಂಶ ನಂಬುವಂತಿತ್ತು. ಅಲ್ಲಿಂದ ಮುಂದೆ ನಾನು ಅನುಸರಿಸುತ್ತಿರುವ ಕ್ರಮ ಇದೇ. ಅಕ್ಷರಗಳನ್ನು ಬದಲಿಸುವ ಕೆಲಸ ಇದ್ದರೆ ಪ್ರೋಗ್ರಾಂ ಬರೆಸುತ್ತೇನೆ; ಓದಿ ಹೋಲಿಸಿ ನೋಡುವ ಕೆಲಸ ಇದ್ದರೆ ಸಹಾಯಕಕ್ಕೇ ಬಿಡುತ್ತೇನೆ.

ಹೋಲಿಸುವುದರಲ್ಲೂ ಕಣ್ಣಿಟ್ಟಿರಬೇಕು. ಬ್ರಾಹ್ಮಿ ಎಂಬ ಹೆಸರಿನಲ್ಲಿ ಎರಡು ಸಸ್ಯಗಳು ಓಡಾಡುತ್ತವೆ. ಒಂದು ಒಂದೆಲಗ. ಇನ್ನೊಂದು ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ. ಒಂದೆಲಗದ ಎಲೆ ದುಂಡಗೆ, ತೊಟ್ಟಿನ ಬಳಿ ಸೀಳಿ, ಅಂಚು ಕಚ್ಚುಕಚ್ಚಾಗಿ. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ಬುಡದ ಕಡೆ ಕಿರಿದು. ನಾನು ಬಳಸಿದ ಒಂದು ಸಹಾಯಕ ಹೆಸರೊಂದನ್ನೇ ನೋಡಿ ಎರಡೂ ಟಿಪ್ಪಣಿಗಳನ್ನು ಕೂಡಿಸಲು ಹೊರಟಿತು. ಬರೆಯುವ ಮೊದಲು ಅನುಮತಿ ಕೇಳುವ ಪದ್ಧತಿ ಇರುವುದು ಇಂಥ ಗಳಿಗೆಗೆ. ತೆಗೆಯುವ ಸಾಲುಗಳು ಕೆಂಪಿನಲ್ಲಿ, ಸೇರಿಸುವ ಸಾಲುಗಳು ಹಸಿರಿನಲ್ಲಿ ಕಂಡವು. ಕೆಂಪಿನ ಸಾಲುಗಳಲ್ಲಿ ಎಲೆಯ ವರ್ಣನೆಯೇ ಹೋಗುತ್ತಿತ್ತು. ಬೇಡ ಎಂದೆ, ಕಾರಣವನ್ನೂ ಬರೆದೆ. ತಿದ್ದಿಕೊಂಡಿತು. ಪ್ರತಿ ಸಲ ಕೇಳುವುದು ಕಿರಿಕಿರಿ ಎಂದು ಎಲ್ಲಕ್ಕೂ ಒಮ್ಮೆಲೇ ಒಪ್ಪಿಗೆ ಕೊಡುವ ಸೌಲಭ್ಯ ಈ ಸಹಾಯಕಗಳಲ್ಲಿ ಇರುತ್ತದೆ. ವರ್ಷಗಳ ಸಂಗ್ರಹದ ಮೇಲೆ ಅದನ್ನು ದಯವಿಟ್ಟು ಬಳಸಬೇಡಿ. ಕ್ಲಾಡ್ ಕೋಡ್‌ನಲ್ಲಿ ಶಿಫ್ಟ್ ಮತ್ತು ಟ್ಯಾಬ್ ಒತ್ತುತ್ತ ಹೋದರೆ ಯೋಜನೆಯ ಸ್ಥಿತಿಯೊಂದು ಬರುತ್ತದೆ. ಅದರಲ್ಲಿ ಓದಿ, ಏನು ಮಾಡಲಿದ್ದೇನೆ ಎಂದು ಹೇಳುತ್ತದೆಯೇ ಹೊರತು ಏನನ್ನೂ ಮುಟ್ಟುವುದಿಲ್ಲ. ದೊಡ್ಡ ಕೆಲಸಗಳನ್ನು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಈ ಸಹಾಯಕಗಳಿಗೆ ಕಾಯಂ ಸೂಚನೆಗಳನ್ನು ಒಂದು ಫೈಲಿನಲ್ಲಿ ಬರೆದಿಡಬಹುದು. ಪ್ರತಿ ಸಲ ತೆರೆದಾಗ ಅದನ್ನು ಓದಿಕೊಂಡೇ ಕೆಲಸಕ್ಕೆ ಇಳಿಯುತ್ತವೆ. ಕ್ಲಾಡ್‌ಗೆ ಕ್ಲಾಡ್ ಎಂದೇ, ಜೆಮಿನಿಗೆ ಜೆಮಿನಿ ಎಂದೇ, ಕೋಡೆಕ್ಸ್‌ಗೆ ಏಜೆಂಟ್ಸ್ ಎಂದು ಆ ಫೈಲಿನ ಹೆಸರು. ನನ್ನದನ್ನು ಕನ್ನಡದಲ್ಲೇ ಬರೆದಿದ್ದೇನೆ, ಅರ್ಥ ಮಾಡಿಕೊಳ್ಳುತ್ತವೆ. ಅದರಲ್ಲಿರುವ ಸೂಚನೆಗಳು ಇವು: ಊರಹೆಸರನ್ನು ಜನ ಹೇಳಿದಂತೆಯೇ ಉಳಿಸು, ಶಿಷ್ಟ ರೂಪಕ್ಕೆ ತಿದ್ದಬೇಡ. ಟಿಪ್ಪಣಿಯಲ್ಲಿ ಇಲ್ಲದ್ದನ್ನು ನಿನ್ನ ತಿಳಿವಳಿಕೆಯಿಂದ ಸೇರಿಸಬೇಡ. ಸೇರಿಸಲೇಬೇಕೆನಿಸಿದರೆ ಉತ್ತರದಲ್ಲಿ ಬೇರೆಯಾಗಿ ಬರೆ. ಪ್ರತಿ ಮಾತಿಗೂ ಅದು ಬಂದ ಟಿಪ್ಪಣಿಯ ಕೊಂಡಿ ಕೊಡು. ಫೈಲಿನ ಹೆಸರು ಬದಲಿಸಬೇಡ.

ಕೊನೆಯ ಸೂಚನೆಗೆ ಕಾರಣ ಹೇಳಬೇಕು. ಅಬ್ಸಿಡಿಯನ್‌ನಲ್ಲಿ ನಾವೇ ಒಂದು ಟಿಪ್ಪಣಿಯ ಹೆಸರು ಬದಲಿಸಿದರೆ ಅದಕ್ಕೆ ಬರುವ ಕೊಂಡಿಗಳೆಲ್ಲ ತಾವಾಗಿ ತಿದ್ದಿಕೊಳ್ಳುತ್ತವೆ. ಟರ್ಮಿನಲ್ಲಿನಿಂದ ಸಹಾಯಕ ಅದೇ ಫೈಲಿನ ಹೆಸರು ಬದಲಿಸಿದರೆ ಅಬ್ಸಿಡಿಯನ್‌ಗೆ ಅದು ಹೊರಗೆ ನಡೆದ ವ್ಯವಹಾರ, ಕೊಂಡಿಗಳು ಕಡಿದುಹೋಗುತ್ತವೆ. ಟರ್ಮಿನಲ್ ಅಬ್ಸಿಡಿಯನ್ ಒಳಗೇ ಕಾಣುತ್ತಿದ್ದರೂ ಅದರ ಕೈಗಳು ಹೊರಗೆ ಇವೆ ಎಂಬುದು ನೆನಪಿರಬೇಕು. ಹೆಸರು ಬದಲಿಸುವ ಕೆಲಸ ಯಾವಾಗಲೂ ನನ್ನ ಕೈಯಲ್ಲೇ. ಜೊತೆಗೆ, ಫೈಲುಗಳ ಹಿಂದಿನ ರೂಪಗಳನ್ನು ಉಳಿಸಿಡುವ ಗಿಟ್ ಎಂಬ ಸಾಧನವನ್ನು ಹಾಕಿಕೊಂಡಿದ್ದೇನೆ. ಸಹಾಯಕವನ್ನು ಕರೆಯುವ ಮೊದಲು ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ ಇಡೀ ವಾಲ್ಟಿನ ಸ್ಥಿತಿಯನ್ನು ಅದರಲ್ಲಿ ದಾಖಲಿಸುತ್ತೇನೆ. ಅಬ್ಸಿಡಿಯನ್‌ಗೆ ಗಿಟ್‌ನ ಪ್ಲಗಿನ್ ಇರುವುದರಿಂದ ಇದಕ್ಕೆ ಟರ್ಮಿನಲ್ ಕೂಡ ಬೇಡ.

ಗೌಪ್ಯತೆಯ ವಿಷಯದಲ್ಲಿ ನಾನು ಬಹಳ ಗಟ್ಟಿಯಾಗಿ ಮಾತಾಡುತ್ತೇನೆ. ಟಿಪ್ಪಣಿಗಳು ನಮ್ಮ ಕಂಪ್ಯೂಟರಿನಲ್ಲೇ ಇದ್ದರೂ, ಸಹಾಯಕ ಓದಿದ ಪ್ರತಿ ಸಾಲೂ ಆ ಸಂಸ್ಥೆಯ ಸರ್ವರಿಗೆ ಹೋಗುತ್ತದೆ. ಉತ್ತರ ತಯಾರಾಗುವುದು ಅಲ್ಲಿಯೇ. ನನ್ನ ಸಂಗ್ರಹದಲ್ಲಿ ನಾಟಿ ವೈದ್ಯರು ನಂಬಿಕೆಯಿಂದ ಹೇಳಿದ ಮಾತುಗಳಿವೆ. ಯಾವ ಬೇರು, ಯಾವ ಅನುಪಾನ, ಯಾರು ಹೇಳಿದ್ದು ಎಂಬ ವಿವರಗಳಿವೆ. ಜೈವಿಕ ವೈವಿಧ್ಯ ಅಧಿನಿಯಮ 2002ರ ಅಡಿಯಲ್ಲಿ ಊರೂರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲೆ ಮಾಡುವಾಗಲೂ ಇಂಥ ಜ್ಞಾನವನ್ನು ಎಚ್ಚರದಿಂದ ನೋಡಬೇಕಾಗುತ್ತದೆ. ಹೇಳಿದವರನ್ನು ಕೇಳದೆ ಅದನ್ನು ಬೇರೆ ದೇಶದ ಸರ್ವರಿಗೆ ಕಳಿಸುವ ಅಧಿಕಾರ ನನಗಿಲ್ಲ. ಇಂಥ ಫೈಲನ್ನು ಓದಬೇಡ ಎಂದು ಸಹಾಯಕಕ್ಕೆ ಸೆಟ್ಟಿಂಗ್ಸ್‌ನಲ್ಲಿ ತಡೆ ಹಾಕಲು ಬರುತ್ತದೆ, ನಿಜ. ನಾನು ಅಷ್ಟಕ್ಕೆ ತೃಪ್ತಳಾಗದೆ, ಆ ಟಿಪ್ಪಣಿಗಳನ್ನು ಬೇರೆಯದೇ ವಾಲ್ಟಿಗೆ ಸರಿಸಿದ್ದೇನೆ. ಆ ವಾಲ್ಟಿನಲ್ಲಿ ಟರ್ಮಿನಲ್ ಪ್ಲಗಿನ್ನೇ ಇಲ್ಲ. ಪ್ಲಗಿನ್‌ಗಳು ವಾಲ್ಟಿಗೆ ವಾಲ್ಟಿಗೆ ಬೇರೆಯಾಗಿರುವುದು ಅಬ್ಸಿಡಿಯನ್‌ನ ಒಂದು ಒಳ್ಳೆಯ ಗುಣ.

ಖರ್ಚಿನ ಬಗ್ಗೆ. ಜೆಮಿನಿ ಸಿಎಲ್‌ಐ ಬಂದಾಗ ಗೂಗಲ್ ಖಾತೆ ಇದ್ದವರಿಗೆ ನಿಮಿಷಕ್ಕೆ 60, ದಿನಕ್ಕೆ 1000 ಕೋರಿಕೆಗಳವರೆಗೆ ಉಚಿತ ಎಂದು ಘೋಷಿಸಿತ್ತು. ಪ್ರಯೋಗ ಮಾಡಿ ನೋಡುವವರಿಗೆ ಇಂಥ ಉಚಿತ ಮಿತಿಯೇ ಸಾಕು. ಕ್ಲಾಡ್ ಕೋಡ್‌ಗೆ ಚಂದಾ ಬೇಕು, ಇಲ್ಲವೇ ಬಳಸಿದಷ್ಟಕ್ಕೆ ಹಣ ಕೊಡಬೇಕು. ಕ್ಲಾಡ್ ಕೋಡ್ ಸೇರಿರುವ ಪ್ರೊ ಎಂಬ ಚಂದಾದ ದರ ತಿಂಗಳಿಗೆ 20 ಡಾಲರ್, ತೆರಿಗೆ ಬೇರೆ. ಕನ್ನಡದವರು ಲೆಕ್ಕ ಹಾಕುವಾಗ ಇನ್ನೊಂದನ್ನು ಸೇರಿಸಿಕೊಳ್ಳಬೇಕು. ಈ ಸಹಾಯಕಗಳ ಹಿಂದಿರುವ ಎಐ ಮಾದರಿಗಳು ಪಠ್ಯವನ್ನು ಸಣ್ಣ ತುಂಡುಗಳಾಗಿ ಒಡೆದು ಓದುತ್ತವೆ, ಮಿತಿ ಲೆಕ್ಕವಾಗುವುದು ಆ ತುಂಡುಗಳಲ್ಲಿ. ಅಷ್ಟೇ ಉದ್ದದ ವಿಷಯ ಇಂಗ್ಲಿಷಿನಲ್ಲಿರುವುದಕ್ಕಿಂತ ಕನ್ನಡದಲ್ಲಿದ್ದಾಗ ಹೆಚ್ಚು ತುಂಡುಗಳಾಗುತ್ತದೆ. ಅಂದರೆ ನಮ್ಮ ಮಿತಿ ಬೇಗ ಮುಗಿಯುತ್ತದೆ. ಒಂದೇ ಹಣಕ್ಕೆ ಕನ್ನಡದವರಿಗೆ ಕಡಿಮೆ ಕೆಲಸ ಸಿಗುವುದು ನ್ಯಾಯವಲ್ಲ, ಇದು ಸರಿಹೋಗಬೇಕು. ಸದ್ಯಕ್ಕೆ, ಇಡೀ ವಾಲ್ಟನ್ನು ಓದು ಎನ್ನುವ ಬದಲು ಒಂದು ಉಪಫೋಲ್ಡರನ್ನು ಹೆಸರಿಸಿ ಕೇಳುವುದು ಉಳಿತಾಯದ ದಾರಿ.

ಫೋನಿನಲ್ಲಿ ಇದು ನಡೆಯುವುದಿಲ್ಲ. ಅಬ್ಸಿಡಿಯನ್ ಫೋನಿನಲ್ಲಿ ಚೆನ್ನಾಗಿ ಓಡುತ್ತದೆ, ಕಾಡಿನಲ್ಲಿ ನಿಂತು ಟಿಪ್ಪಣಿ ಮಾಡಿಕೊಳ್ಳಲು ನಾನು ಅದನ್ನೇ ಬಳಸುತ್ತೇನೆ. ಟರ್ಮಿನಲ್ ಮಾತ್ರ ಕಂಪ್ಯೂಟರಿನಲ್ಲಿ. ಇಂಟರ್ನೆಟ್ ಇಲ್ಲದಿದ್ದರೆ ಸಹಾಯಕವೂ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವುದು ಮಾಮೂಲು, ಆಗ ಟಿಪ್ಪಣಿಗಳು ಎಂದಿನಂತೆ ತೆರೆಯುತ್ತವೆ ಎಂಬುದೇ ಸಮಾಧಾನ.

ಟಿಪ್ಪಣಿಗಳು ನೂರರ ಒಳಗಿದ್ದರೆ ಈ ಏರ್ಪಾಡು ಬೇಡ, ಅಬ್ಸಿಡಿಯನ್‌ನ ಹುಡುಕಾಟವೇ ಸಾಕು. ಸಂಶೋಧನೆ ಮಾಡುವವರು, ಜಾನಪದ ಸಂಗ್ರಹಿಸುವವರು, ಶಾಸನ ಓದುವವರು, ಪದಕೋಶ ಕಟ್ಟುವವರು ಖಂಡಿತ ಪ್ರಯತ್ನಿಸಬೇಕು. ವಾಲ್ಟಿನ ಒಂದು ಪ್ರತಿಯನ್ನು ಬೇರೆಡೆ ಇಟ್ಟು, ಯೋಜನೆಯ ಸ್ಥಿತಿಯಲ್ಲಿ, ನಿಮ್ಮ ಟಿಪ್ಪಣಿಗಳಲ್ಲಿ ಒಂದನ್ನೊಂದು ಅಲ್ಲಗಳೆಯುವ ಎರಡು ಮಾತುಗಳಿದ್ದರೆ ಕೊಂಡಿ ಸಮೇತ ತೋರಿಸು ಎಂದು ಕೇಳಿ. ನನಗೆ ಆ ಪ್ರಶ್ನೆಯಿಂದ ಸಿಕ್ಕಿದ್ದು ಉಪ್ಪಾಗೆಯ ಹೂವಿನ ಕಾಲ: ಸಿದ್ದಾಪುರದ ಟಿಪ್ಪಣಿಯಲ್ಲಿ ಒಂದು, ಯಲ್ಲಾಪುರದ ಟಿಪ್ಪಣಿಯಲ್ಲಿ ಇನ್ನೊಂದು. ಎರಡರಲ್ಲಿ ಯಾವುದು ಸರಿ ಎಂದು ಸಹಾಯಕ ಹೇಳಲಿಲ್ಲ, ಹೇಳಬಾರದು ಕೂಡ. ಬರುವ ಬೇಸಿಗೆಯಲ್ಲಿ ಎರಡೂ ಕಡೆ ಮರದ ಕೆಳಗೆ ಹೋಗಿ ನಿಲ್ಲಬೇಕು.